ಮೊದಲ ದೀಪಾವಳಿಯ ಲೆಕ್ಕ



ಮಳೆಗಾಲ ಹಿಂದೆ ಸರಿದು ಚಳಿ ಮೆಲ್ಲನೆ ಅಡಿಯಿಡುವ ಕಾಲದಲ್ಲಿ ದೀಪಾವಳಿ ಬರುತ್ತದೆ. ಅದರ ಹಿಂದೆಯೇ ಕಾರ್ತೀಕದ ಅಷ್ಟಾಹ್ನಿಕ ಪರ್ವ. ಹೊಸದಾಗಿ ಮದುವೆಯಾದ ಹೆಣ್ಣುಮಗಳಿಗೆ ಗಂಡನ ಮನೆಯ ನಡೆನುಡಿ ನಿಜವಾಗಿ ಪರಿಚಯವಾಗುವುದು ಈ ಕೆಲವು ವಾರಗಳಲ್ಲಿಯೇ. ಆಕೆಯ ತವರಿಗೆ ಹೊಸ ಬೀಗತನದ ಭಾರ ಎಷ್ಟೆಂಬುದು ತಿಳಿಯುವುದೂ ಆಗಲೇ. ಇಂದಿನ ಮಾತು ಆ ಭಾರವನ್ನು ಕುರಿತದ್ದು.

ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಲವು ಮನೆಗಳ ಅನುಭವ ಸೇರಿ ಮೂಡಿದ ಚಿತ್ರ. ವಧು ಮೂಡಬಿದಿರೆಯ ಕಡೆಯವಳು, ಮನೆಮಾತು ತುಳು. ವರನ ಮನೆತನ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯದು. ಪುಣೆಗೆ ಬಂದು ನೆಲೆಸಿ ಮೂವತ್ತು ವರ್ಷಗಳಾಗಿವೆ. ಇಬ್ಬರೂ ದಿಗಂಬರ ಜೈನರು, ಇಬ್ಬರದೂ ಕನ್ನಡ. ಆದರೂ ಆಕೆಗೆ ಅರ್ಚಕರೆಂದರೆ ‘ಇಂದ್ರರು’, ಈ ಮನೆಯವರಿಗೆ ‘ಪಂಡಿತರು’. ತವರಿನಲ್ಲಿ ದೀಪಾವಳಿಯ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ಅವಲಕ್ಕಿ, ದೋಸೆ ತಿಂದರೆ ಹಬ್ಬ ಬಂದಂತೆ. ಇಲ್ಲಿ ವಾರ ಮೊದಲೇ ಚಕ್ಕಲಿ, ಕರ್ಚಿಕಾಯಿ, ಶಂಕರಪಾಳಿ ಎಂದು ಫರಾಳದ ಡಬ್ಬಿಗಳು ತುಂಬಬೇಕು. ಇಂತಹ ಭೇದಗಳಿಂದ ಯಾರಿಗೂ ನೋವಿಲ್ಲ. ಅತ್ತೆ ಕರ್ಚಿಕಾಯಿಯ ಅಂಚು ಮಡಿಸುವುದನ್ನು ಕಲಿಸಿದರು. ಸೊಸೆ ಬೆಲ್ಲ ಕಾಯಿತುರಿ ಕಲಸಿದ ಅವಲಕ್ಕಿ ಮಾಡಿ ಬಡಿಸಿದಳು. ಮಾವನವರು ಎರಡನೆಯ ಸಲ ಹಾಕಿಸಿಕೊಂಡರು.

ನೋವು ಬಂದದ್ದು ಬೇರೊಂದು ದಾರಿಯಿಂದ. ಮಹಾರಾಷ್ಟ್ರ ಮತ್ತು ಗಡಿಭಾಗದಲ್ಲಿ ಮದುವೆಯ ನಂತರದ ಮೊದಲ ದೀಪಾವಳಿಗೆ ಹೆಣ್ಣಿನ ಮನೆಯವರು ಅಳಿಯನನ್ನು ಕರೆದು ಉಡುಗೊರೆ ಕೊಡುವ ರೂಢಿಯಿದೆ. ಮರಾಠಿಯಲ್ಲಿ ಅದು ‘ದಿವಾಳಸಣ’. ಬೀಗರ ಮನೆಯಿಂದ ಯಾರೂ ಏನನ್ನೂ ಬೇಡಲಿಲ್ಲ. ಆದರೂ ಪಟ್ಟಿಯೊಂದು ತಾನಾಗಿಯೇ ಸಿದ್ಧವಾಯಿತು. ಅಳಿಯನಿಗೆ ಉಂಗುರ, ಬೀಗಿತಿಗೆ ಸೀರೆ, ನಾದಿನಿಯರಿಗೆ ಉಡುಪು, ಪೂಜೆಗೆ ಬೆಳ್ಳಿಯ ತಟ್ಟೆ. ವಧುವಿನ ತಂದೆ ನಿವೃತ್ತ ಶಿಕ್ಷಕರು. ನಿವೃತ್ತಿವೇತನ ಮತ್ತು ಒಂದಿಷ್ಟು ಅಡಿಕೆ ತೋಟ ಅವರ ಆಧಾರ. ಮದುವೆಗೆ ಮಾಡಿದ ಖರ್ಚಿನಿಂದಲೇ ಅವರು ಇನ್ನೂ ಚೇತರಿಸಿಕೊಂಡಿರಲಿಲ್ಲ. ಅವರು ಮತ್ತೆ ಸಾಲಕ್ಕೆ ಅರ್ಜಿ ಹಾಕಿದ್ದನ್ನು ಮಗಳಿಗೆ ತಿಳಿಸಬಾರದೆಂದಿದ್ದರು. ತಮ್ಮ ಫೋನಿನಲ್ಲಿ ಬಾಯಿತಪ್ಪಿ ಹೇಳಿಬಿಟ್ಟ.

ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು. ಉಂಗುರಕ್ಕೆ 1,50,000 ರೂಪಾಯಿ, ಬಟ್ಟೆಬರೆಗೆ 40,000, ಬೆಳ್ಳಿಗೆ 35,000, ಪ್ರಯಾಣ ಮತ್ತು ತಿಂಡಿತಿನಿಸಿಗೆ 25,000 ಎಂದಿರಲಿ. ಒಟ್ಟು 2,50,000. ಇದನ್ನು ಶೇಕಡಾ 12ರ ಬಡ್ಡಿಗೆ ಮೂರು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 8,300 ರೂಪಾಯಿ. ಮೂವತ್ತಾರು ಕಂತು ಮುಗಿಯುವಾಗ ಬಡ್ಡಿಯೊಂದೇ ಸುಮಾರು 49,000 ಆಗಿರುತ್ತದೆ. ಹಬ್ಬ ಮೂರು ದಿನದ್ದು. ಕಂತು ಮೂರು ವರ್ಷದ್ದು. ಮುಂದಿನ ಎರಡು ದೀಪಾವಳಿ ಕಳೆದು ಮೂರನೆಯದು ಬಂದಾಗಲೂ ಆ ತಂದೆ ಮೊದಲ ದೀಪಾವಳಿಯ ಋಣವನ್ನೇ ತೀರಿಸುತ್ತಿರುತ್ತಾರೆ.

ಈ ಹೊರೆ ಬಿದ್ದಿರುವುದು ಯಾವ ಹಬ್ಬದ ಮೇಲೆ ಎಂಬುದನ್ನೂ ಯೋಚಿಸಬೇಕು. ಜೈನರಿಗೆ ದೀಪಾವಳಿ ಭಗವಾನ್ ಮಹಾವೀರರ ನಿರ್ವಾಣದ ದಿನ. ಪರಂಪರೆಯ ಗಣನೆಯಂತೆ ಕ್ರಿ.ಪೂ. 527ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಅಮಾವಾಸ್ಯೆಯ ನಸುಕಿನಲ್ಲಿ ಪಾವಾಪುರಿಯಲ್ಲಿ ಸ್ವಾಮಿಯು ಸಿದ್ಧಪದವನ್ನು ಪಡೆದರು. ಅದೇ ದಿನ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು. ಜಿನಸೇನಾಚಾರ್ಯರು ಶಕ ವರ್ಷ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಪೂರ್ಣಗೊಳಿಸಿದ ಹರಿವಂಶಪುರಾಣದಲ್ಲಿ ಪಾವಾನಗರಿ ದೀಪಗಳ ಸಾಲಿನಿಂದ ಬೆಳಗಿದ ವರ್ಣನೆಯಿದೆ. ಮರುದಿನದಿಂದ ವೀರ ನಿರ್ವಾಣ ಸಂವತ್ಸರ ಹೊಸದಾಗಿ ತೊಡಗುತ್ತದೆ. ವ್ಯಾಪಾರಸ್ಥರು ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ರಾಜಪುತ್ರನಾಗಿ ಹುಟ್ಟಿ, ಮೈಮೇಲಿನ ಬಟ್ಟೆಯನ್ನೂ ತನ್ನದೆನ್ನದೆ ಹೋದವರ ಸ್ಮರಣೆಯ ದಿನದಂದು ಒಬ್ಬ ತಂದೆ ಸಾಲದ ಪತ್ರಕ್ಕೆ ಸಹಿ ಹಾಕುವುದು ಧರ್ಮಕ್ಕೂ ಲೆಕ್ಕಕ್ಕೂ ಹೊಂದದ ಮಾತು.

ಶ್ರಾವಕರಿಗೆ ವಿಧಿಸಿದ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಎಲ್ಲವನ್ನೂ ಬಿಡಿ ಎಂದು ಅದು ಗೃಹಸ್ಥನಿಗೆ ಹೇಳುವುದಿಲ್ಲ. ಹೊಲ, ಮನೆ, ಬಂಗಾರ, ಬೆಳ್ಳಿ, ಧನ, ಧಾನ್ಯ ಇವುಗಳಿಗೆ ಮೊದಲೇ ಮಿತಿ ಕಟ್ಟಿಕೊಂಡು ಅದರಾಚೆಗಿನ ಆಸೆಯನ್ನು ಬಿಡು ಎನ್ನುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ವಸ್ತುವಿನ ಮೇಲಿನ ಮೋಹದಲ್ಲಿ ಗುರುತಿಸಿದರು. ಹಾಗಾದರೆ ಕೇಳದೆ ಬಂದ ಉಂಗುರವೂ ಒಳಗೊಳಗೆ ಕಾದು ಕುಳಿತ ಮನಸ್ಸಿಗೆ ಪರಿಗ್ರಹವೇ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಪ್ರತಿ ಮನೆ ತಿಳಿದಿರಬೇಕು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವಿವಾಹಕ್ಕೆ ಸಂಬಂಧಿಸಿ ಕೊಟ್ಟದ್ದು ಮದುವೆಗೆ ಮೊದಲಿರಲಿ, ಮದುವೆಯ ದಿನವಿರಲಿ, ನಂತರವಿರಲಿ, ವರದಕ್ಷಿಣೆ ಆಗಬಹುದು. ಹಬ್ಬದ ಹೆಸರಿಟ್ಟು ಬೇಡಿಕೆ ಮಂಡಿಸಿದವರು ‘ಮದುವೆ ಮುಗಿದಿದೆ’ ಎಂದು ತಪ್ಪಿಸಿಕೊಳ್ಳಲಾರರು. ಮದುವೆಯ ಸಮಯದಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ವಧುವಿಗೆ ಬಂದದ್ದನ್ನು ವಧು, ವರನಿಗೆ ಬಂದದ್ದನ್ನು ವರ ಬರೆದಿಡಬೇಕು. ಮದುವೆಯ ಆಲ್ಬಂ ಇಲ್ಲದ ಮನೆಯಿಲ್ಲ. ಈ ಪಟ್ಟಿ ಇರುವ ಮನೆಗಳನ್ನು ಮಾತ್ರ ಹುಡುಕಬೇಕು.

ಹೆಣ್ಣುಮಗಳಿಗೆ ಬಂದ ಬಂಗಾರದ ವಿಷಯದಲ್ಲಿಯೂ ಇದೇ ಅಲಕ್ಷ್ಯ. ಮದುವೆಯಾದ ವಾರದೊಳಗೆ ಅದು ಅತ್ತೆಯ ಅಥವಾ ಮಾವನ ಹೆಸರಿನ ಲಾಕರಿಗೆ ಹೋಗುತ್ತದೆ. ದುರುದ್ದೇಶದಿಂದಲ್ಲ, ಭದ್ರತೆಯ ಹೆಸರಿನಲ್ಲಿ. ಆದರೆ ಸ್ತ್ರೀಧನಕ್ಕೆ ಒಡತಿ ಆಕೆಯೊಬ್ಬಳೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದನ್ನು ಕಾಯ್ದಿಟ್ಟವರು ನಂಬಿಕೆಯ ಮೇಲೆ ಇಟ್ಟುಕೊಂಡವರೇ ಹೊರತು ಒಡೆಯರಲ್ಲ. ತೆರಿಗೆಯ ಭಯದಿಂದ ಬರೆದಿಡುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ತಂದೆತಾಯಿಯರು ಮಗಳಿಗೆ ಕೊಟ್ಟ ಉಡುಗೊರೆಗಾಗಲಿ, ಅತ್ತೆಮಾವಂದಿರು ಅಳಿಯನಿಗೆ ಕೊಟ್ಟದ್ದಕ್ಕಾಗಲಿ ಪಡೆದವರು ಆದಾಯ ತೆರಿಗೆ ಕೊಡಬೇಕಿಲ್ಲ. ಸೊಸೆಯ ಹೆಸರಿಗೆ ಅತ್ತೆಮಾವಂದಿರು ಹಣವಿಟ್ಟರೆ ಅದರ ಬಡ್ಡಿ ಕೊಟ್ಟವರ ಆದಾಯಕ್ಕೇ ಸೇರುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಹೆಣ್ಣಿನ ಕೈಯಲ್ಲಿ ಧನವಿರುವುದು ಕನ್ನಡ ಜೈನರಿಗೆ ಹೊಸದಲ್ಲ. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿಯಂತೆ ಆಸ್ತಿ ತಾಯಿಯ ಬಳಿಯಿಂದ ಇಳಿದು ಬರುತ್ತಿತ್ತು. ಅಂತಹ ನೆಲದ ಮಗಳಿಗೆ ಇಂದು ತನ್ನ ಬಳೆಯ ಲೆಕ್ಕ ಕೇಳಲು ಸಂಕೋಚ. ಅದಕ್ಕೂ ಹಿಂದೆ, ಹತ್ತನೆಯ ಶತಮಾನದ ಕೊನೆ ಮತ್ತು ಹನ್ನೊಂದನೆಯ ಶತಮಾನದ ಆರಂಭದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗಳಲ್ಲಿ ಬರೆಯಿಸಿ ಹಂಚಿದಳು, ರನ್ನನಿಗೆ ಆಶ್ರಯವಿತ್ತಳು, ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಗಂಡ ನಾಗದೇವನನ್ನು ಕಳೆದುಕೊಂಡ ಮೇಲೆ ಆಕೆ ನಡೆಸಿದ ಬಾಳು ಅದು. ಏನನ್ನು ಯಾರಿಗೆ ಕೊಡಬೇಕೆಂದು ನಿರ್ಣಯಿಸುವ ಅಧಿಕಾರ ಆಕೆಗಿದ್ದುದರಿಂದಲೇ ಒಂದು ಪುರಾಣ ಉಳಿಯಿತು.

ಇನ್ನೊಂದು ಲೆಕ್ಕ ಹಣದ್ದಲ್ಲ, ಹೊತ್ತಿನದು. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಗಳಿಗೆ ಚಳಿಗಾಲ ಕಠಿಣ. ನವೆಂಬರ್ ಮಧ್ಯದಲ್ಲಿ ಪುಣೆ, ಮುಂಬಯಿಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಚೆನ್ನೈ, ಹೈದರಾಬಾದುಗಳಲ್ಲಿ ಅದಕ್ಕೂ ಮೊದಲು, ದೆಹಲಿಯಲ್ಲಿ ಐದೂವರೆಗೇ. ಕಚೇರಿಯಿಂದ ಏಳೂವರೆಗೆ ಮರಳುವ ಸೊಸೆಗೆ ‘ಹೊತ್ತಿರುವಾಗಲೇ ಅಡಿಗೆಯಾಗಬೇಕು’ ಎಂದರೆ ಆಕೆ ಬೆಳಗ್ಗೆ ನಾಲ್ಕೂವರೆಗೆ ಏಳಬೇಕೆಂದೇ ಅರ್ಥ. ವ್ರತ ಇಡೀ ಮನೆಯದಾದರೆ ಅದರ ದುಡಿಮೆಯೂ ಇಡೀ ಮನೆಯದಾಗಬೇಕು. ಮೇಲೆ ಹೇಳಿದ ಮನೆಯಲ್ಲಿ ಮಗ ಸಂಜೆಯ ರೊಟ್ಟಿಯ ಡಬ್ಬಿಯನ್ನು ತನಗೂ ಹೆಂಡತಿಗೂ ಬೆಳಗ್ಗೆಯೇ ಕಟ್ಟತೊಡಗಿದ. ಇಬ್ಬರೂ ತಮ್ಮ ತಮ್ಮ ಕಚೇರಿಯಲ್ಲಿ ಐದೂವರೆಗೆ ಊಟ ಮುಗಿಸುತ್ತಾರೆ. ನಿವೃತ್ತರಾದ ಮಾವನವರು ಸಂಜೆ ನಾಲ್ಕಕ್ಕೆ ಬೇಳೆಗೆ ಕುಕ್ಕರ್ ಇಡುವುದನ್ನು ಕಲಿತರು. ಈಗ ನಿಯಮವೂ ನಡೆಯುತ್ತಿದೆ, ಸೊಸೆಯ ನಿದ್ದೆಯೂ ಉಳಿದಿದೆ.

ಸಾಲದ ಸುದ್ದಿ ತಿಳಿದ ರಾತ್ರಿ ಆ ಸೊಸೆ ಅತ್ತೆಯ ಬಳಿ ಕುಳಿತಳು.

“ಅತ್ತೇ, ಅಪ್ಪ ಹಬ್ಬಕ್ಕಾಗಿ ಸಾಲ ಮಾಡುತ್ತಿದ್ದಾರಂತೆ.”

“ನಾವೇನೂ ಬೇಡಿಲ್ಲಲ್ಲವ್ವಾ.”

“ಇಲ್ಲ ಅತ್ತೇ, ನೀವು ಬೇಡಲಿಲ್ಲ. ಬೇಡವೆಂದೂ ಹೇಳಲಿಲ್ಲ.”

ಅತ್ತೆ ಆ ರಾತ್ರಿ ಮತ್ತೆ ಮಾತಾಡಲಿಲ್ಲ. ಮರುದಿನ ಕರ್ಚಿಕಾಯಿ ಕರಿಯುತ್ತಾ ತಮ್ಮ ಮೊದಲ ದೀಪಾವಳಿಯ ಮಾತೆತ್ತಿದರು. ಅಳಿಯನಿಗೆ ಗಡಿಯಾರ, ಉಂಗುರ ಕೊಡಲು ಅವರ ತಂದೆ ಎತ್ತಿನ ಜೋಡಿಯನ್ನು ಸಂತೆಯಲ್ಲಿ ಮಾರಿದ್ದರು. ಹಿಂಗಾರಿ ಜೋಳದ ಬಿತ್ತನೆಗೆ ಬಾಡಿಗೆಯ ಎತ್ತು ಹೂಡಿದ್ದರು. ಮಗಳಿಗೆ ಇದು ತಿಳಿದದ್ದು ತಂದೆ ತೀರಿಕೊಂಡ ಮೇಲೆ, ಅಣ್ಣನ ಬಾಯಿಂದ. ‘ಆ ಉಂಗುರ ಈಗಲೂ ಪೆಟ್ಟಿಗೆಯಲ್ಲಿದೆ, ಯಾರೂ ಹಾಕಿಕೊಂಡಿಲ್ಲ’ ಎಂದು ಹೇಳಿ ಒಲೆಯ ಉರಿ ಸಣ್ಣ ಮಾಡಿದರು. ಮಧ್ಯಾಹ್ನ ಬೀಗರಿಗೆ ತಾವೇ ಫೋನು ಮಾಡಿದರು.

“ಬೀಗರೇ, ಹಬ್ಬಕ್ಕ ಎಲ್ಲಾರೂ ಬರ್ರಿ. ಬರೂವಾಗ ನಿಮ್ಮ ತೋಟದ ಎರಡು ತೆಂಗಿನಕಾಯಿ ತರ್ರಿ, ಪೂಜಾಕ್ಕ ಬೇಕು. ಬ್ಯಾರೆ ಏನರ ತಂದ್ರ ಬಾಗಿಲದಾಗಽ ತಿರುಗಿ ಕಳಸ್ತೀನಿ.”

ರೂಢಿಯನ್ನು ಮುರಿಯುವ ಶಕ್ತಿ ಇರುವುದು ಪಡೆಯುವವರ ಕೈಯಲ್ಲಿ. ಕೊಡುವವರು ಬೇಡವೆಂದರೆ ಅದು ಜಿಪುಣತನವೆನಿಸಿಕೊಳ್ಳುತ್ತದೆ, ಮಗಳ ಬಾಳಿಗೆ ತೊಡಕಾದೀತೆಂಬ ಭಯವೂ ಇರುತ್ತದೆ. ಪಡೆಯುವವರು ಬೇಡವೆಂದರೆ ಅಂದಿಗೇ ಮುಗಿಯಿತು. ಆದ್ದರಿಂದ ಈ ವರ್ಷ ಮಗನ ಮದುವೆ ಮಾಡಿದ ಪ್ರತಿ ಮನೆಯ ಮುಂದೆ ಇಡಬೇಕಾದ ಸಲಹೆಗಳು ಸರಳವಾಗಿವೆ. ದೀಪಾವಳಿಗೆ ತಿಂಗಳಿರುವಾಗಲೇ ಬೀಗರಿಗೆ ತಾವಾಗಿಯೇ ಫೋನು ಮಾಡಿ ‘ಏನೂ ಬೇಡ’ ಎಂದು ಬಾಯಿಬಿಟ್ಟು ಹೇಳುವುದು. ಸೊಸೆಯ ಒಡವೆಗಳ ಪಟ್ಟಿಯನ್ನು ರಸೀತಿಗಳ ಸಹಿತ ಆಕೆಯ ಕೈಗೆ ಕೊಟ್ಟು, ಲಾಕರಿನಲ್ಲಿ ಆಕೆಯ ಹೆಸರನ್ನು ಸೇರಿಸುವುದು. ಹಬ್ಬದ ಖರ್ಚಿಗೆ ಎರಡೂ ಮನೆಗಳು ಕೂಡಿ ಮಿತಿ ಕಟ್ಟುವುದು. ಉಳಿದ ಹಣದಲ್ಲಿ ಒಂದು ಪಾಲನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ದಂಪತಿಗಳು ಆರಿಸಿದ ಒಂದಕ್ಕೆ ವಿನಿಯೋಗಿಸುವುದು. ಸೊಸೆ ಯಾವ ಮನೆಯಲ್ಲಿ ಹಬ್ಬ ಮಾಡಬೇಕೆಂಬ ಜಗ್ಗಾಟಕ್ಕೆ ಪಂಚಾಂಗದಲ್ಲಿಯೇ ಪರಿಹಾರವಿದೆ. ಅಮಾವಾಸ್ಯೆಯಾದ ಎಂಟನೆಯ ದಿನಕ್ಕೆ ಕಾರ್ತೀಕ ಅಷ್ಟಾಹ್ನಿಕ ತೊಡಗಿ ಹುಣ್ಣಿಮೆಯವರೆಗೆ ನಡೆಯುತ್ತದೆ. ನಿರ್ವಾಣಪೂಜೆ ಒಂದು ಮನೆಯಲ್ಲಿ, ಅಷ್ಟಾಹ್ನಿಕದ ಒಂದೆರಡು ದಿನ ಇನ್ನೊಂದು ಮನೆಯಲ್ಲಿ, ಮರುವರ್ಷ ಅದಲುಬದಲು.

ಅಮಾವಾಸ್ಯೆಯ ನಸುಕಿನಲ್ಲಿ ಪುಣೆಯ ಆ ಕುಟುಂಬ ಬಸದಿಗೆ ಹೊರಟಿತು. ಚಳಿ ಆಗಷ್ಟೇ ತೊಡಗಿತ್ತು. ಮೂಡಬಿದಿರೆಯಿಂದ ಬಂದ ಮೇಷ್ಟ್ರು ಅಳಿಯನ ಶಾಲು ಹೊದ್ದಿದ್ದರು. ಅವರ ಕೈಚೀಲದಲ್ಲಿ ಎರಡು ತೆಂಗಿನಕಾಯಿಗಳಿದ್ದವು. ಅಭಿಷೇಕವಾಯಿತು, ನಿರ್ವಾಣ ಲಾಡು ಸಮರ್ಪಣೆಯಾಯಿತು. ಮನೆಗೆ ಮರಳಿದ ಮೇಲೆ ದಂಪತಿಗಳು ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಅರಸಿನ ಕುಂಕುಮವಿಟ್ಟು, ವರ್ಷದ ಖರ್ಚಿಗೂ ಬಂಗಾರಕ್ಕೂ ತಾವು ಕಟ್ಟಿಕೊಂಡ ಮಿತಿಯನ್ನು ಬರೆದು, ಇಬ್ಬರೂ ಸಹಿ ಹಾಕಿದರು. ಸಾಲದ ಅರ್ಜಿಯನ್ನು ಹಿಂದಕ್ಕೆ ಪಡೆದುದಾಗಿ ಮೇಷ್ಟ್ರು ಊಟಕ್ಕೆ ಕುಳಿತಾಗ ಹೇಳಿದರು. ಬೀಗಿತಿ ಅವರ ಎಲೆಗೆ ಇನ್ನೊಂದು ಕರ್ಚಿಕಾಯಿ ಹಾಕಿದರು.

ಬಂಧುಗಳೇ, ಬರುವ ದೀಪಾವಳಿಗೆ ಇನ್ನೂ ಸಮಯವಿದೆ. ಹೊಸ ಸೊಸೆ ಬಂದಿರುವ ಮನೆಗಳಿಂದ ಆ ಒಂದು ಫೋನು ಇದೇ ವಾರ ಹೋಗಲಿ. ಜಯ ಜಿನೇಂದ್ರ.