ಜಠರದ ಅರ್ಬುದ ಮತ್ತು ಊಟದ ಬಟ್ಟಲು

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಆರೋಗ್ಯ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಾವು ವೈದ್ಯರಲ್ಲ, ಅಧ್ಯಾಪಕರು. ಆದರೂ ಜಠರದ ಅರ್ಬುದರೋಗದ ಕುರಿತು ನಾಲ್ಕು ಮಾತನಾಡಲು ಒಪ್ಪಿಕೊಂಡುದಕ್ಕೆ ಕಾರಣವಿದೆ. ನಮ್ಮ ಶಾಲೆಯಲ್ಲಿ ಬಹುಕಾಲ ಮಕ್ಕಳಿಗೆ ಅನ್ನ ಬೇಯಿಸಿ ಬಡಿಸಿದ ಅಮ್ಮನೊಬ್ಬರು ಈ ರೋಗಕ್ಕೆ ತುತ್ತಾದರು. ಹಲವು ತಿಂಗಳು ಹೊಟ್ಟೆಯುರಿಯನ್ನು ಗ್ಯಾಸೆಂದೇ ಸಹಿಸಿದರು. ರೋಗ ಗೊತ್ತಾದ ಬಳಿಕ, ಸಕ್ಕರೆಯೇ ಅರ್ಬುದದ ಆಹಾರವೆಂಬ ಮಾತನ್ನು ನಂಬಿ ಬೆಲ್ಲ, ಹಣ್ಣು, ಕೊನೆಗೆ ಕುಚ್ಚಲಕ್ಕಿ ಗಂಜಿಯನ್ನೂ ಬಿಟ್ಟರು. ಆ ಮಾತಿಗೆ ತಲೆದೂಗಿದವರಲ್ಲಿ ನಾವೂ ಇದ್ದೆವು. ತೂಕ ಇಳಿಯಿತು. ಶರೀರ ತಾಳಲಾರದೆಂದು ವೈದ್ಯರು ಕಿಮೊಥೆರಪಿಯನ್ನು ಮುಂದೂಡಬೇಕಾಯಿತು.

ಆ ಮಾತಿನಲ್ಲಿರುವುದು ಅರ್ಧಸತ್ಯ. 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಅವರು ಅರ್ಬುದದ ಕೋಶಗಳು ಗ್ಲೂಕೋಸನ್ನು ಅತಿಯಾಗಿ ಹೀರಿ, ಆಮ್ಲಜನಕವಿದ್ದರೂ ಪೂರ್ತಿ ದಹಿಸದೆ, ಅದರ ಬಹುಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದನ್ನು ಗಮನಿಸಿದರು. ಒಂದು ಗ್ಲೂಕೋಸ್ ಅಣು ಪೂರ್ತಿ ದಹಿಸಿದಾಗ ಸುಮಾರು 30 ಎಟಿಪಿ ದೊರೆತರೆ, ಈ ದಾರಿಯಲ್ಲಿ ದೊರೆಯುವುದು 2 ಮಾತ್ರ. ಆದರೆ ಇದು ಶೀಘ್ರವಾದ ದಾರಿ. ಹೊಸ ಕೋಶಗಳನ್ನು ಕಟ್ಟುವ ಸಾಮಗ್ರಿಯೂ ಇದರಿಂದ ಒದಗುತ್ತದೆ. ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆಯ ಆಧಾರವೂ ಈ ಹಸಿವೇ. ಗ್ಲೂಕೋಸನ್ನು ಹೋಲುವ ವಿಕಿರಣಶೀಲ ದ್ರವ್ಯವನ್ನು ರಕ್ತಕ್ಕೆ ಸೇರಿಸಿದಾಗ ಗಡ್ಡೆಯಿರುವೆಡೆ ಬೆಳಗುತ್ತದೆ. ಆದರೆ ಜಠರದ ಕೆಲವು ಬಗೆಯ ಅರ್ಬುದಗಳು ಅದರಲ್ಲಿ ಸ್ಪಷ್ಟವಾಗಿ ಕಾಣಿಸವು. ಆದುದರಿಂದಲೇ ಎಂಡೋಸ್ಕೋಪಿ ಮಾಡಿ ತುಣುಕು ತೆಗೆದು ಪರೀಕ್ಷಿಸುವುದು ಅನಿವಾರ್ಯ.

ಹಾಗಾದರೆ ಸಕ್ಕರೆ ಬಿಟ್ಟರೆ ಗಡ್ಡೆ ಸೊರಗದೇ? ಇಲ್ಲ. ಬಟ್ಟಲು ಬರಿದಾದರೂ ರಕ್ತದ ಗ್ಲೂಕೋಸ್ ಬರಿದಾಗದು. ಸ್ನಾಯುಗಳನ್ನು ಕರಗಿಸಿಯಾದರೂ ಯಕೃತ್ತು ಅದನ್ನು ಸಿದ್ಧಪಡಿಸುತ್ತದೆ. ಗಡ್ಡೆಯು ಅಮೈನೋ ಆಮ್ಲಗಳನ್ನೂ ಕೊಬ್ಬನ್ನೂ ಬಳಸಬಲ್ಲುದು. ಸೊರಗುವವನು ರೋಗಿ, ರೋಗವಲ್ಲ.

ಇದು ಚಿಕಿತ್ಸೆಯ ಫಲದ ಪ್ರಶ್ನೆ. 2006ರಲ್ಲಿ ಪ್ರಕಟವಾದ, ಬ್ರಿಟನ್ನಿನ ವೈದ್ಯರ ನೇತೃತ್ವದ ಅಧ್ಯಯನವೊಂದರಲ್ಲಿ ಜಠರ ಹಾಗೂ ಅನ್ನನಾಳದ ಕೆಳಭಾಗದ ಅರ್ಬುದವಿದ್ದ 503 ಮಂದಿ ಭಾಗವಹಿಸಿದ್ದರು. ಬರಿಯ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 23, ಶಸ್ತ್ರಚಿಕಿತ್ಸೆಗೆ ಮುನ್ನವೂ ಅನಂತರವೂ ಕಿಮೊಥೆರಪಿ ಪಡೆದವರ ಗುಂಪಿನಲ್ಲಿ ಶೇ. 36. ಆ ಔಷಧವನ್ನು ಕೊನೆಯವರೆಗೆ ತಾಳಿಕೊಳ್ಳಲು ಶಕ್ತಿ ಬೇಕು. ಶಕ್ತಿಗೆ ಅನ್ನ ಬೇಕು. ಜಠರವನ್ನು ಪೂರ್ತಿ ತೆಗೆದವರು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಉಣ್ಣಬೇಕು. ಬಿ12 ಜೀವಸತ್ತ್ವವನ್ನು ಜೀವನಪರ್ಯಂತ ಪಡೆಯಬೇಕು. ಸಕ್ಕರೆ ಕಾಯಿಲೆಯಿರುವವರ ಪಥ್ಯ ಬೇರೆ; ಅದನ್ನು ವೈದ್ಯರೇ ಹೇಳಬೇಕು.

ತಡೆಯುವ ದಾರಿಯೂ ಇದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಈ ರೋಗದ ಮುಖ್ಯ ಕಾರಣಗಳಲ್ಲೊಂದು. ಅದನ್ನು ಗುರುತಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಔಷಧದಿಂದ ಅದನ್ನು ಹೋಗಲಾಡಿಸಬಹುದು. ತಂಬಾಕನ್ನು ವರ್ಜಿಸೋಣ, ಅತಿಯಾದ ಉಪ್ಪನ್ನೂ ಉಪ್ಪಿನಲ್ಲಿಟ್ಟ ಪದಾರ್ಥಗಳನ್ನೂ ಮಿತಗೊಳಿಸೋಣ. ಮಾಸದ ಹೊಟ್ಟೆಯುರಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ – ಇವುಗಳನ್ನು ಗ್ಯಾಸೆಂದು ತಳ್ಳಿಹಾಕದಿರೋಣ.

ಆ ಅಮ್ಮನಿಗೆ ಆಸ್ಪತ್ರೆಯಲ್ಲಿ ಪಥ್ಯದ ಚೀಟಿ ಕೊಟ್ಟಿದ್ದರು. ಅದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇತ್ತು. ಅವರು ಓದಬಲ್ಲುದು ಕನ್ನಡವೊಂದನ್ನೇ. ನಮ್ಮ ಹಳೆ ವಿದ್ಯಾರ್ಥಿನಿಯಾದ ಅವರ ಮಗಳು ಚೀಟಿಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಗಂಜಿ ಮರಳಿ ಬಟ್ಟಲಿಗೆ ಬಂತು; ಚಿಕಿತ್ಸೆ ಪೂರ್ಣಗೊಂಡಿತು.

ಗಡಿನಾಡಿನಲ್ಲಿ ನೂರು ವರ್ಷ ಕನ್ನಡ ಕಲಿಸಿದ ಶಾಲೆಗೆ ಅಂತಹ ಚೀಟಿಗಳನ್ನು ಬರೆದುಕೊಡುವ ಹೊಣೆಯೂ ಇದೆ. ಮುಂದಿನ ವರ್ಷ ಆ ಕೆಲಸಕ್ಕೆ ನಮ್ಮ ಮಕ್ಕಳೊಂದಿಗೆ ನೀವೂ ಕೈಜೋಡಿಸಬೇಕೆಂದು ಕೋರಿ ಮಾತು ಮುಗಿಸುತ್ತೇವೆ.