ಯಂತ್ರ ಕೆಟ್ಟಿಲ್ಲ, ತಂತಿ ನೋಡಿ



ನಮ್ಮ ಗೃಹನಿರ್ಮಾಣ ನಿವೇಶನದ ಎಲ್ಲೆಯನ್ನು ಕೈ ಜಿಪಿಎಸ್ ಹಿಡಿದು ಸುತ್ತಿ ಗುರುತಿಸಿದ್ದೇವೆ. ಸರ್ವೆ ಅಳತೆಗೆ ಇದು ಬದಲಲ್ಲ, ಕೆಲವು ಮೀಟರ್ ಆಚೀಚೆ ಆಗುತ್ತದೆ. ಆದರೂ ಒತ್ತುವರಿಯ ಮಾತು ಬಂದರೆ ತೋರಿಸಲು ಒಂದು ನಕ್ಷೆ ಬೇಕಲ್ಲವೇ?

ಗುರುತು ಕಂಪ್ಯೂಟರಿಗೆ ಇಳಿಯದಿದ್ದರೆ ರಿಪೇರಿಗೆ ಹಣ ಬಿಚ್ಚಬೇಡಿ. ಮೊದಲು ತಂತಿ ಬದಲಿಸಿ. ಇದರ ಯುಎಸ್‌ಬಿ ತಂತಿಯೊಳಗೆ ವಿದ್ಯುತ್ತಿಗೆ ಎರಡು ಎಳೆ, ಮಾಹಿತಿಗೆ ಎರಡು. ಬರೀ ಚಾರ್ಜಿನ ತಂತಿಯಲ್ಲಿ ಮಾಹಿತಿಯ ಎಳೆಗಳೇ ಇಲ್ಲ. ಯಂತ್ರದ ದೀಪ ಹತ್ತುತ್ತದೆ, ಕಂಪ್ಯೂಟರು ಗುರುತಿಸದು. ಒಲೆ ಉರಿಯುತ್ತಿದ್ದೂ ಕಾವಲಿ ಇಲ್ಲದ ಹಾಗೆ!

ತಂತಿ ಸರಿಯಿದ್ದರೆ ಗಾರ್ಮಿನ್ ಇಟ್ರೆಕ್ಸ್ 10 ಒಂದು ಡಿಸ್ಕಿನಂತೆ ತೆರೆಯುತ್ತದೆ. ಜಿಪಿಎಕ್ಸ್ ಫೋಲ್ಡರಿನ ಕಡತಗಳ ಪ್ರತಿ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರು ಕೇಳಿದರೆ ಖಂಡಿತ ಒಪ್ಪಬೇಡಿ; ನಡೆದದ್ದೆಲ್ಲ ಅಳಿಸಿಹೋದೀತು.

ಸರಿಯಾದ ತಂತಿ ಕಚೇರಿಯ ಕಪಾಟಿನಲ್ಲಿದೆ. ಫೋನ್ ಚಾರ್ಜಿಗೆಂದು ಯಾರೂ ಒಯ್ಯಬಾರದು.