ಹಿರಿಯರ ಸಂಕೋಚ ಮತ್ತು ಒಂದು ನಿಮಿಷದ ಪರೀಕ್ಷೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಗಂಡಸರ ಪ್ರಾಸ್ಟೇಟ್ ಗ್ರಂಥಿಯನ್ನು ಡಾಕ್ಟರರು ಹೇಗೆ ಪರೀಕ್ಷಿಸುತ್ತಾರೆ ಎಂಬುದು ನನ್ನ ಇಂದಿನ ವಿಷಯ. ಇದು ನಗುವ ವಿಷಯವಲ್ಲ. ನಮ್ಮ ಮನೆಯ ಹಿರಿಯರು ಬಾಯಿಬಿಟ್ಟು ಹೇಳದೆ ಅನುಭವಿಸುವ ತೊಂದರೆ ಇದು.

ಈ ಗ್ರಂಥಿ ಮೂತ್ರಚೀಲದ ಕೆಳಗೆ, ಗುದದ್ವಾರದ ಒಳಭಾಗಕ್ಕೆ ಅಂಟಿದಂತೆ ಇರುತ್ತದೆ. ಗಾತ್ರ ಒಂದು ಅಕ್ರೋಟಿನಷ್ಟು. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸು 50 ದಾಟಿದ ಮೇಲೆ ಅನೇಕರಲ್ಲಿ ಗ್ರಂಥಿ ದಪ್ಪವಾಗಿ ನಾಳವನ್ನು ಒತ್ತುತ್ತದೆ. ಆಗ ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಧಾರೆ ಸಣ್ಣಗಾಗುತ್ತದೆ, ಎದ್ದ ಮೇಲೂ ಹನಿ ಬೀಳುತ್ತದೆ. ನವಲಗುಂದ, ಕುಂದಗೋಳದ ಹಳ್ಳಿಗಳಿಂದ ಹುಬ್ಬಳ್ಳಿ ಬಸ್ಸು ಹತ್ತಲು ಹಿಂಜರಿಯುವ, ಬಟ್ಟೆ ಪಾಕ್ ಉಳಿಯದೆಂದು ಜಮಾಅತ್ ಬಿಟ್ಟು ಮನೆಯಲ್ಲೇ ನಮಾಜು ಮಾಡುವ ಹಿರಿಯರು ಎಷ್ಟೋ ಮಂದಿ. ಕೇಳಿದರೆ "ವಯಸ್ಸಾತು, ಬಿಡಪ್ಪಾ" ಎನ್ನುತ್ತಾರೆ.

ಹೆಚ್ಚಿನ ಸಲ ಇದು ಕ್ಯಾನ್ಸರ್ ಅಲ್ಲ, ಔಷಧಿಗೆ ಬಗ್ಗುವ ಕಾಯಿಲೆ. ಆದರೆ ಹಾಗೇ ಬಿಟ್ಟರೆ ಮೂತ್ರ ಪೂರ್ತಿ ಕಟ್ಟಬಹುದು, ಕಿಡ್ನಿಗೂ ಹಾನಿಯಾಗಬಹುದು. ಕ್ಯಾನ್ಸರ್ ಇದ್ದರೂ ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಡಾಕ್ಟರರು ಮೊದಲು ಪ್ರಶ್ನೆ ಕೇಳುತ್ತಾರೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ರಕ್ತ ಹೋಗುತ್ತದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವ ಗುಳಿಗೆ ನುಂಗುತ್ತೀರಿ ಎಂದು. ಬಳಿಕ ಕಿಬ್ಬೊಟ್ಟೆ ಮುಟ್ಟಿ ಮೂತ್ರಚೀಲ ತುಂಬಿದೆಯೇ ಎಂದು ನೋಡುತ್ತಾರೆ. ಆಮೇಲೆ ಮುಂದಿನ ಪರೀಕ್ಷೆಯನ್ನು ವಿವರಿಸಿ ಒಪ್ಪಿಗೆ ಕೇಳುತ್ತಾರೆ. ಪರದೆಯ ಹಿಂದೆ ಎಡಮಗ್ಗುಲಿಗೆ ಮಲಗಿ ಮೊಣಕಾಲನ್ನು ಎದೆಯ ಕಡೆ ಮಡಚಬೇಕು. ಡಾಕ್ಟರರು ಕೈಗವಸು ಹಾಕಿ, ಜೆಲ್ಲಿ ಸವರಿ, ಒಂದು ಬೆರಳನ್ನು ಗುದದ್ವಾರದಲ್ಲಿ ಸೇರಿಸಿ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಮುಜುಗರವಾಗುತ್ತದೆ, ಒತ್ತಿದಂತಾಗುತ್ತದೆ. ಆದರೆ ಸೂಜಿಯಿಲ್ಲ, ಕೊಯ್ಯುವುದಿಲ್ಲ, ಒಂದು ನಿಮಿಷದೊಳಗೆ ಮುಗಿಯುತ್ತದೆ.

ಬೆರಳಿಗೆ ಏನು ತಿಳಿಯುತ್ತದೆ? ವಿದ್ಯಾರ್ಥಿಗಳೇ, ನಿಮ್ಮ ಮೂಗಿನ ತುದಿ ಮುಟ್ಟಿಕೊಳ್ಳಿ. ಆರೋಗ್ಯವಂತ ಗ್ರಂಥಿ ಹೆಚ್ಚುಕಡಿಮೆ ಹಾಗಿರುತ್ತದೆ. ಈಗ ಹಣೆ ಮುಟ್ಟಿಕೊಳ್ಳಿ. ಅಷ್ಟು ಗಟ್ಟಿಯಾದ ಗಂಟು ಸಿಕ್ಕರೆ ಡಾಕ್ಟರರಿಗೆ ಅನುಮಾನ ಬರುತ್ತದೆ. ಮುಟ್ಟಿದಾಗ ತೀರ ನೋವಾದರೆ ಸೋಂಕು ಇರಬಹುದು.

ಬೆರಳು ಮುಟ್ಟುವುದು ಗ್ರಂಥಿಯ ಹಿಂಭಾಗವನ್ನು ಮಾತ್ರ. ಆದ್ದರಿಂದ ಇದೊಂದರಿಂದಲೇ ತೀರ್ಮಾನವಾಗದು. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್, ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆಯನ್ನೂ ಬರೆದುಕೊಡಬಹುದು. ಗ್ರಂಥಿ ದಪ್ಪವಾದರೂ, ಸೋಂಕಾದರೂ ಪಿ.ಎಸ್.ಎ. ಏರುತ್ತದೆ. ಅದು ಏರಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಅನುಮಾನ ಉಳಿದರೆ ಎಂ.ಆರ್.ಐ. ಮಾಡಿಸಿ, ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳುತ್ತಾರೆ. ತೊಂದರೆ ಇಲ್ಲದವರೆಲ್ಲ ಪ್ರತಿವರ್ಷ ಇದನ್ನು ಮಾಡಿಸಲೇಬೇಕೆಂದಿಲ್ಲ. 50 ದಾಟಿದವರು ಡಾಕ್ಟರರೊಂದಿಗೆ ಮಾತಾಡಿ ನಿರ್ಧರಿಸಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಆಗಿದ್ದರೆ ಇನ್ನೂ ಮೊದಲೇ ಕೇಳುವುದು ಒಳ್ಳೆಯದು.

ಶರಮಿನ ಮಾತಿಗೆ ಬರೋಣ. ಚಿಕಿತ್ಸೆಗೆ ಅಗತ್ಯವಿರುವಷ್ಟು ಮಾತ್ರ ಡಾಕ್ಟರರ ಮುಂದೆ ಬಟ್ಟೆ ಸರಿಸಲು ಶರೀಅತ್‌ನಲ್ಲಿ ಅನುಮತಿ ಇದೆ. ಹನಿ ನಿಲ್ಲದವರಿಗೆ ನಮಾಜಿನಲ್ಲಿ ರಿಯಾಯಿತಿಯೂ ಇದೆ, ಇಮಾಮ್ ಸಾಹೇಬರನ್ನು ಕೇಳಿ. ಹಯಾ ಇರಬೇಕು, ನಿಜ. ಆದರೆ ಅದು ಕಾಯಿಲೆ ಬಚ್ಚಿಡುವ ಪರದೆಯಾಗಬಾರದು.

ಮೊದಲು ತಾಲ್ಲೂಕು ದವಾಖಾನೆಗೆ ತೋರಿಸಿ. ಬೇಕಾದರೆ ಅವರೇ ಹುಬ್ಬಳ್ಳಿಗೆ ಕಳುಹಿಸುತ್ತಾರೆ. 1957ರಲ್ಲಿ ಮೆಡಿಕಲ್ ಕಾಲೇಜಾಗಿ ಆರಂಭವಾಗಿ, ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ದವಾಖಾನೆ ಅಲ್ಲಿದೆ.

ವಿದ್ಯಾರ್ಥಿಗಳೇ, ನಿಮ್ಮ ದಾದಾ, ನಾನಾ, ಅಬ್ಬಾ ತಾವಾಗಿ ಹೇಳಲಾರರು. ರಾತ್ರಿ ಅವರು ಪದೇ ಪದೇ ಏಳುವುದನ್ನು ನೀವು ಗಮನಿಸಿ. ಒಬ್ಬರೇ ಇರುವಾಗ ಮೆಲ್ಲಗೆ ಮಾತಾಡಿ. ನುಂಗುವ ಗುಳಿಗೆಗಳ ಚೀಟಿ ಹಿಡಿದು ಜೊತೆಗೆ ಹೋಗಿ. ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಓದಿದ ಮಕ್ಕಳಿಂದ ಹಿರಿಯರಿಗೆ ಇಷ್ಟಾದರೂ ಆಗಲಿ.